ಉಡುಸಲಮ್ಮನ ಕೋಳಿ, ನರಸಪ್ಪನ ನಾಯಿ

ಕುಂದುರ್ಪಿ ಕಡೆಯ ಹಳ್ಳಿಯ ಉಡುಸಲಮ್ಮನಿಗೆ ಅರವತ್ತು ದಾಟಿದೆ. ಮಾತು ಖಾರ, ಕೈ ಧಾರಾಳ. ಕುರಿ ಗಂಡನದು, ಹೊಲದ ಪಾಸ್‌ಬುಕ್ಕು ಮಗನ ಹೆಸರಿನಲ್ಲಿ. ಹಿತ್ತಲ ಕೋಳಿಗಳು ಮಾತ್ರ ಅಪ್ಪಟ ಅವಳವು. ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾಳೆ. ಕರೆದರೆ ಅವು ಓಡಿ ಬರುತ್ತವೆ, ಗಂಡ ನರಸಪ್ಪ ಬರುವುದಿಲ್ಲ.

ಆ ನರಸಪ್ಪ ಕುರಿ ಕಾಯಲೆಂದು ಕೆಂಚನೆಂಬ ನಾಯಿ ತಂದ. ಹೊಲದಲ್ಲಿ ತೋಳಕ್ಕೂ ಹೆದರದ ಕೆಂಚನಿಗೆ ಮನೆಯಲ್ಲಿ ಕೋಳಿ ಕಂಡರೆ ಬಾಯಲ್ಲಿ ನೀರು. ಒಂದೇ ತಿಂಗಳಲ್ಲಿ ಮೂರು ಹ್ಯಾಟೆ ಕೋಳಿ ಮುಗಿಸಿದ. ಉಡುಸಲಮ್ಮ ಮುಳ್ಳುಬೇಲಿ ಹಾಕಿದಳು, ಹಾರಿದ. ಸತ್ತ ಕೋಳಿಯನ್ನು ನಾಯಿಯ ಕುತ್ತಿಗೆಗೆ ಕಟ್ಟಿದರೆ ಬುದ್ಧಿ ಬರುತ್ತದೆಂದು ಪಕ್ಕದ ಮನೆಯ ಬೈರಣ್ಣ ಹೇಳಿದ, ಕಟ್ಟಿದಳು. ಕೆಂಚ ಅದನ್ನೂ ತಿಂದ.

"ಇಂಕ ಚಾಲು, ಸಾಕು ಕಣೆ," ಎಂದ ನರಸಪ್ಪ. "ಕುರಿಗೆ ನಾಯಿ ಬೇಕೇ ಬೇಕು. ಇನ್ನೊಂದು ಕೋಳಿ ಸತ್ರೆ ಉಳಿದ ಕೋಳಿ ಎಲ್ಲಾನೂ ಜೀಪಿಗೆ ಹಾಕಿ ಕಲ್ಯಾಣದುರ್ಗದಾಗೆ ಮಾರ್ಬುಡ್ತೀನಿ."

ಅಂದು ಉಡುಸಲಮ್ಮನಿಗೆ ಅನ್ನ ಸೇರಲಿಲ್ಲ.

ಅವಳು ಕುರಿಹಟ್ಟಿಯಲ್ಲಿ ಹುಟ್ಟಿದವಳು. ಅಲ್ಲಿ ಮರಿನಾಯಿಯನ್ನು ಕುರಿಮರಿಗಳ ಗೂಡಿನಲ್ಲೇ ಮಲಗಿಸುತ್ತಿದ್ದರು. ಬೆಳೆದ ಮೇಲೆ ಅದು ಮರಿಗಳನ್ನು ತನ್ನವೇ ಅಂದುಕೊಳ್ಳುತ್ತಿತ್ತು. ಕೋಳಿಗೂ ಹಾಗೇ ಮಾಡಿದರೆ?

"ಎರಡು ವರ್ಸದ ನಾಯಿ ಕಣಮ್ಮ ಇದು! ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?" ಎಂದು ಅವಳ ಉಪಾಯ ಕೇಳಿ ಬೈರಣ್ಣ ನಕ್ಕ. ನಗಲಿ ಬಿಡಿ, ಸತ್ತ ಕೋಳಿಯ ಉಪಾಯ ಹೇಳಿದವನೂ ಇವನೇ ತಾನೆ.

ಕಾವಿಗೆ ಕೂರಿಸಿದ್ದ ಮೊಟ್ಟೆಗಳಿಂದ ಹನ್ನೊಂದು ಕೋಳಿಮರಿ ಎದ್ದವು. ತಾಯಿಯ ಸಮೇತ ಅವನ್ನು ಮಂಕರಿ ಬುಟ್ಟಿಯಡಿ ಮುಚ್ಚಿ, ಪಕ್ಕದಲ್ಲೇ ಕೆಂಚನನ್ನು ಸರಪಳಿಯಿಂದ ಕಟ್ಟಿದಳು. ಅವನು ಗುರ್ರೆಂದರೆ ಊಟವಿಲ್ಲ. ಸುಮ್ಮನಿದ್ದರೆ ಕೈಯಾರೆ ತುತ್ತು. ಬರಬರುತ್ತಾ ಮರಿಗಳ ಚಿಂವ್ ಚಿಂವ್ ಕೇಳಿದರೆ ಬಾಲ ಅಲ್ಲಾಡತೊಡಗಿತು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಮಂಕರಿ ಎತ್ತಿ ಸರಪಳಿಯನ್ನೂ ಬಿಚ್ಚಿದಳು. ಕೆಂಚ ಮರಿಗಳನ್ನು ಮೂಸಿದ, ಆಕಳಿಸಿದ, ಅಲ್ಲೇ ಮಲಗಿದ. ಒಂದು ಮರಿ ಅವನ ಬೆನ್ನೇರಿತು. ಉಡುಸಲಮ್ಮನಿಗೆ ಅಳುವೇ ಬಂತು.

ಆಮೇಲೆ ಹಿತ್ತಲಿಗೆ ಬೆಕ್ಕು ಬರಲಿಲ್ಲ, ಮುಂಗುಸಿ ಬರಲಿಲ್ಲ.

ಮರಿಗಳು ಬೆಳೆದು ದೊಡ್ಡವಾದ ಹೊತ್ತಿಗೆ ಅಳಿಯ ತಿರುಮಲೇಶ್ ಊಟಕ್ಕೆ ಬಂದ. ಅಳಿಯ ಬಂದ ಮೇಲೆ ಕೋಳಿ ಕುಯ್ಯಲೇಬೇಕಲ್ಲ. ನರಸಪ್ಪ ಪಂಚೆ ಮೇಲೆ ಕಟ್ಟಿ ಹುಂಜ ಹಿಡಿಯಲು ಹೋದ. ಕೆಂಚ ಎದ್ದು ಬಂದು ಅಡ್ಡ ನಿಂತು ಹಲ್ಲು ತೋರಿಸಿದ.

"ಲೇ, ನಾನು ಕಣ್ಲಾ! ನಿನ್ನ ತಂದೋನು!"

ಅವನು ಒಂದು ಹೆಜ್ಜೆ ಮುಂದಿಟ್ಟರೆ ಕೆಂಚ ಎರಡು ಹೆಜ್ಜೆ ಮುಂದೆ ಬಂದ. ನರಸಪ್ಪ ಹಿಂದೆ ಸರಿದು ಗೋಡೆಗೆ ಅಂಟಿ ನಿಂತ. "ಏನೇ, ಕರಿಯೇ ಇದುನ್ನ!"

ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು, ಕೆಂಚ ಸರಿದು ಹೋಗುತ್ತಿದ್ದ. ಉಡುಸಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಅಳಿಯಂದ್ರಿಗೆ ಉಳ್ಳಿಕಾಳು ಸಾರು ಅಂದ್ರೆ ಪ್ರಾಣ, ಬಿಡು," ಎಂದು ಒಳಗೆ ಹೋಗಿ ಒಲೆಯ ಮೇಲೆ ಎಸರಿಟ್ಟಳು.