ಗೋಡೆಯ ಮುಂದೆ ಒಂದು ಸ್ಟೂಲು

ಅಂಗಿಗೆ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ಬೀದಿಯವರೆಲ್ಲ ಆಕೆಯನ್ನು ಕಾಜಾ ಅಕ್ಕ ಎನ್ನುತ್ತಿದ್ದರು. ದೇಶವೇ ಅತ್ತ ಆ ರೈಲು ದುರಂತದ ಸ್ಮಾರಕ ಎದ್ದ ಮೇಲೆ ಮಾತ್ರ ಆ ಕೈ ಎಷ್ಟೆತ್ತಿದರೂ ಸಾಲದಾಯಿತು. ಮಡಿದವರ ಸಾಲಿನಲ್ಲಿ ಆಕೆಯ ತಮ್ಮನ ಹೆಸರು ಕಲ್ಲುಗೋಡೆಯ ತುತ್ತತುದಿಗಿತ್ತು, ಅಕ್ಕ ಕುಳ್ಳಿ. ಮಿಕ್ಕವರು ತಮ್ಮವರ ಹೆಸರು ಸವರಿ ಹಗುರಾಗಿ ಹೋಗುತ್ತಿದ್ದರು. ಈಕೆ ತುದಿಗಾಲಲ್ಲಿ ನಿಂತು, ಯಾರದೋ ತಾತನನ್ನು ಸವರಿ ಬರುತ್ತಿದ್ದಳು.

"ಆ ತಾತಂಗೆ ನಿನ್ನ ಕೈ ಅಭ್ಯಾಸ ಆಗೋಗಿರತ್ತೆ ಬಿಡೇ," ಎಂದು ಅವರ ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಗಂಡ ಕೆಣಕಿದ.

"ನಿಮಗೇನ್ರೀ, ಏಣಿ ಥರ ಬೆಳೆದಿದೀರ. ಎತ್ಕೊಳ್ಳಿ ಅಂದ್ರೆ ಸೊಂಟ ಹಿಡ್ಕೋತೀರ."

ಕೊನೆಗೆ ಹೊಲಿಗೆ ಮೆಷಿನ್ನಿನ ಸ್ಟೂಲನ್ನೇ ಹೊತ್ತೊಯ್ದಳು. ಸ್ಮಾರಕ ಸಮಿತಿಯ ಅಧ್ಯಕ್ಷರು ಅಡ್ಡ ಬಂದರು. ಕನ್ನಡಿಯ ಮುಂದೆಯೂ ಗಂಟಲು ಸರಿಮಾಡಿಕೊಂಡೇ ಮಾತಾಡುವ ಆಸಾಮಿ.

"ಸ್ಟೂಲು ಹಾಕಿದ್ರೆ ಸ್ಮಾರಕದ ಗಾಂಭೀರ್ಯ ಏನಾಗ್ಬೇಕಮ್ಮಾ? ನಿಮ್ಮ ತಮ್ಮನಿಗೆ ಮೇಲಿನ ಸಾಲೇ ಸಿಕ್ಕಿದೆ. ಎಂಥಾ ಗೌರವ!"

"ಗೌರವ ಅವನಿಗಿರ್ಲಿ ಸಾರ್. ನನಗೆ ಅವನು ಎಟುಕಿದ್ರೆ ಸಾಕು."

ಎಟುಕಲಿಲ್ಲ. ಸ್ಟೂಲು ಬಂದ ದಾರಿಯಲ್ಲೇ ಮರಳಿತು.

ದುರಂತದ ವಾರ್ಷಿಕ ದಿನ ಅಕ್ಕ ಹಟ ಬಿಡದೆ ಮತ್ತೆ ತಂದಳು. ಒಳಗೆ ಬಿಡದಾಗ ಗೇಟಿನಲ್ಲೇ ಅದರ ಮೇಲೆ ಕೂತಳು. ಒಳಗೆ ಅಧ್ಯಕ್ಷರು ಹೂವಿನ ಚಕ್ರ ಹಿಡಿದು ನಿಂತಿದ್ದರು. ಅದನ್ನು ತೂಗುಹಾಕುವ ಕೊಂಡಿಯನ್ನು, ಎತ್ತರದಲ್ಲಿದ್ದರೇ ಶೋಭೆ ಎಂದು, ಮೇಲಿನ ಸಾಲಿಗಿಂತಲೂ ಮೇಲೆ ಹೊಡೆಸಿದವರು ಅವರೇ. ಗಾಂಭೀರ್ಯಕ್ಕೆ ಭಂಗವೆಂದು ಕುರ್ಚಿಗಳನ್ನೆಲ್ಲ ಹೊರಗಿಡಿಸಿದವರೂ ಅವರೇ. ಅಕ್ಕನಿಗಿಂತ ನಾಲ್ಕೇ ಬೆರಳು ಎತ್ತರದ ಮನುಷ್ಯ. ಒಮ್ಮೆ ಚಾಚಿದರು, ಅಂಗಿ ಸೊಂಟ ಬಿಟ್ಟು ಎದ್ದಿತು. ಇನ್ನೊಮ್ಮೆ ಚಾಚಿದರು, ಗುಂಡಿಯೊಂದು ಟಣ್ಣೆಂದು ಹಾರಿತು. ಫೋಟೋದವರು ಕಾದರು.

"ಅಮ್ಮಾ... ಆ ಸ್ಟೂಲು ಸ್ವಲ್ಪ ತರ್ತೀರಾ?"

ಅಕ್ಕ ತಂದು ಗೋಡೆಗೆ ಒತ್ತಿ ಇಟ್ಟಳು. "ಮೊದಲು ನಾನು ಸಾರ್."

ಜೊತೆಗೆ ಬಂದಿದ್ದ ಗಂಡ ಸ್ಟೂಲಿನ ಕಾಲು ಹಿಡಿದ. ಅಕ್ಕ ಹತ್ತಿ, ತಮ್ಮನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಸವರಿದಳು. ಕೊನೆಗೆ ಹೆಸರಿನ ಎರಡೂ ತುದಿಗಳನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದಳು. ಊರಿಗೆ ಹೊರಟಾಗಲೆಲ್ಲ ತಮ್ಮನ ಕಾಲರನ್ನು ಹೀಗೆ ಸರಿಮಾಡಿಯೇ ಕಳಿಸುತ್ತಿದ್ದಳು. ಅವನು ಆ ರೈಲು ಹತ್ತಿದ ದಿನ ಮಾತ್ರ, ಅಂಗಡಿಯಲ್ಲಿ ಗಿರಾಕಿಗಳಿದ್ದರೆಂದು ಮೆಷಿನ್ ಬಿಟ್ಟು ಎದ್ದಿರಲಿಲ್ಲ.

ಅಧ್ಯಕ್ಷರು ಹೂವಿನ ಚಕ್ರ ಹಿಡಿದು ಕಾದರು. ಒಮ್ಮೆಯೂ ಗಂಟಲು ಸರಿಮಾಡಿಕೊಳ್ಳಲಿಲ್ಲ.

ಅಕ್ಕ ಇಳಿದು, ಸೆರಗಿನಿಂದ ಸ್ಟೂಲು ಒರೆಸಿದಳು.

"ಹತ್ತಿ ಸಾರ್, ನಾವು ಹಿಡ್ಕೋತೀವಿ. ಆಮೇಲೆ ಅಂಗಡಿ ಕಡೆ ಬನ್ನಿ, ಗುಂಡಿ ಹಾಕ್ಕೊಡ್ತೀನಿ."