ಡಾಕ್ಟರ ದಾಡಿ
ಔರಾದಿನ ಡಾಕ್ಟರ್ ವೈಜಿನಾಥರಾವ್ ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಮನೆತನಗಳ ವಂಶಾವಳಿ ಓದುವ ಹೆಳವನ ಎತ್ತಿನ ಗಂಟೆ ಓಣಿಯಲ್ಲಿ ಕೇಳಿದರೆ ಸಾಕು, ಹಿಡಿದ ನಾಡಿಯನ್ನು ಅಲ್ಲೇ ಬಿಟ್ಟು ಓಡುತ್ತಾರೆ. ಹೆಳವ ಯಾರದೋ ಮುತ್ತಜ್ಜನ ಹೆಸರೆತ್ತುವಷ್ಟರಲ್ಲಿ, "ಅಂವ ಹ್ಯಾಂಗ ಸತ್ತಾ? ಗಾಯಾಗಿ ರಕ್ತ ನಿಲ್ಲದ ಸತ್ತನೇನು?" ಎಂದು ಅಡ್ಡ ಬಾಯಿ ಹಾಕುತ್ತಾರೆ. ರಕ್ತ ಹೆಪ್ಪುಗಟ್ಟದ ಆ ರೋಗ ಬಡಿಯುವುದು ಗಂಡುಮಕ್ಕಳಿಗೆ, ಬರುವುದು ಮಾತ್ರ ತಾಯಿಯ ಕಡೆಯಿಂದ ಎಂದು ಅವರ ವಾದ. "ಹೆಣ್ಮಕ್ಕಳ ಹೆಸರು ನಮ್ಮ ಹೊತ್ತಿಗ್ಯಾಗ ಇರಂಗಿಲ್ರಿ ಡಾಕ್ಟರ್ ಸಾಬ್" ಎಂದು ಹೆಳವ ಕೈಚೆಲ್ಲಿದರೆ, ಬಳೆಗಾರನ ಬೆನ್ನು ಹತ್ತುತ್ತಾರೆ. ಯಾವ ಮನೆಯ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತು! ಆ ಊರಿಗೂ ಹೋಗಿ, ನೀರು ಕೂಡ ಕುಡಿಯದೆ, "ಮಗನ ಕಿವಿ ಚುಚ್ಚಸಬ್ಯಾಡವ್ವಾ" ಎಂದು ಹೇಳಿ ಮುಂದಿನ ಊರಿನ ದಾರಿ ಹಿಡಿಯುತ್ತಾರೆ. ಜನ ಹುಚ್ಚನೆನ್ನುತ್ತಾರೆ, ಅದನ್ನು ಕೇಳಿಸಿಕೊಳ್ಳಲೂ ಅವರಿಗೆ ಪುರುಸೊತ್ತಿಲ್ಲ. ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆದ ವಾರವಂತೂ ದಾಡಿ ಬಿಟ್ಟವರನ್ನೆಲ್ಲ ನಿಜಾಮನ ಕಡೆಯ ರಜಾಕಾರರೆಂದು ಹಿಡಿಯುತ್ತಿದ್ದರು. ಅಂಥದರಲ್ಲಿ ಈ ಡಾಕ್ಟರು ಎದೆಯುದ್ದದ ದಾಡಿ ಬಿಟ್ಟುಕೊಂಡೇ ಭಾಲ್ಕಿಗೆ ಹೊರಟರು. "ಜೀವಕ್ಕಿಂತ ದಾಡಿ ಹೆಚ್ಚೇನ್ರಿ? ಕೂಡ್ರಿ, ಬೋಳಸ್ತೇನಿ" ಎಂದು ಹಜಾಮ ಧೊಂಡಿಬಾ ದಾರಿಗಡ್ಡ ನಿಂತು ಕತ್ತಿ ತೆಗೆದ. ಡಾಕ್ಟರು ಅವತ್ತು ಮೊದಲ ಸಲ ಅಲ್ಲಾಡದೆ ನಿಂತರು. "ದಾರ್ಯಾಗ ಹಿಡದವರು ಬಿಟ್ರೂ ಬಿಟ್ಟಾರು ಧೊಂಡಿಬಾ," ಎಂದರು ಮೆಲ್ಲಗೆ. "ನಿನ್ನ ಕತ್ತಿ ತಾಗಿದರ ನನ್ನ ರಕ್ತ ನಿಲ್ಲಂಗಿಲ್ಲೋ."