ಗೋಡೆ ಮುಟ್ಟದ ಮೆಷೀನು

ಮಳೆಗಾಲದ ಮೊದಲಿಗೆ, ಪಕ್ಕದ ಬ್ಲಾಕಿನಲ್ಲಿ ಹೊಸದಾಗಿ ಮನೆ ಕಟ್ಟಿಸಿದ ಯುವಕನೊಬ್ಬ ನಮ್ಮ ಮನೆಗೆ ಬಂದ. ಕುಳಿತ, ಕಾಫಿ ಕುಡಿದ, ಗಂಟಲು ಸರಿಮಾಡಿಕೊಂಡು, "ಸಾರ್, ಹುಲ್ಲು ಕತ್ತರಿಸೋ ಮೆಷೀನು ಯಾವುದು ತಗೊಂಡ್ರೆ ಒಳ್ಳೇದು? ನೀವು ತುಂಬಾ ತಿಳಕೊಂಡಿದೀರಂತೆ" ಎಂದ. ನಾನು ಇಷ್ಟು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದ್ದೇನೆ. ಚರಿತ್ರೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಹೊತ್ತು ಯಾವ ಪ್ರಾಣಿಯೂ ನನ್ನ ಮನೆ ಮೆಟ್ಟಿಲು ಹತ್ತಿದ್ದಿಲ್ಲ. ಹುಲ್ಲಿನ ವಿಷಯಕ್ಕೆ ಮಾತ್ರ ನನ್ನ ಕೀರ್ತಿ ಎರಡು ಬ್ಲಾಕು ದಾಟಿ ಹರಡಿದೆ. ಬೇಸರ ಮಾಡಿಕೊಂಡರೆ ಏನು ಬಂತು? ಅವನಿಗೆ ಉತ್ತರ ಕೊಟ್ಟೆ. ಆ ಉತ್ತರ ನಿಮಗೆ ಅರ್ಥವಾಗಬೇಕಾದರೆ ಮೊದಲು ನಮ್ಮ ಮನೆಯ ಕಥೆ ಕೇಳಬೇಕು.

ನಾವು ಜಯನಗರಕ್ಕೆ ಬಂದಾಗ ಇದು ನಗರವೂ ಆಗಿರಲಿಲ್ಲ, ಜಯವೂ ಕಾಣಿಸುತ್ತಿರಲಿಲ್ಲ. ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಅಶೋಕ ಪಿಲ್ಲರಿನಿಂದ ಆಚೆಗೆ ಬಾಡಿಗೆ ಹೇಳಿದರೆ ಜಟಕಾದವನು ನಮ್ಮನ್ನು ಒಮ್ಮೆ ಕನಿಕರದಿಂದ ನೋಡಿ ಆಮೇಲೆ ಹತ್ತಿಸಿಕೊಳ್ಳುತ್ತಿದ್ದ. ನನಗಂತೂ ಸ್ವರ್ಗ ಸಿಕ್ಕಂತಾಗಿತ್ತು. ಮನೆಯ ಮುಂದೆ ಅಂಗಳ! ಬಂಗಲೆಗಳಷ್ಟು ದೊಡ್ಡದಲ್ಲ, ಹೂವಿನ ಕುಂಡ ಇಟ್ಟು ಮುಗಿಸಿಬಿಡುವಷ್ಟು ಚಿಕ್ಕದೂ ಅಲ್ಲ. ಮಧ್ಯಮವರ್ಗದವರ ಮಧ್ಯಮ ಅಂಗಳ.

ಶಾರದೆಗೆ, ಅಂದರೆ ನನ್ನ ಹೆಂಡತಿಗೆ, ಇದು ವನವಾಸ. ಅವಳು ಚಾಮರಾಜಪೇಟೆಯ ವಠಾರದಲ್ಲಿ ಬಾಳಿದವಳು. ಅಲ್ಲಿ ಒಗ್ಗರಣೆ ಸಿಡಿಸಿದರೆ "ಏನ್ರೀ ಇವತ್ತು, ಗೊಜ್ಜಾ?" ಎಂದು ಗೋಡೆಯಾಚೆಯಿಂದ ಕೇಳುವವರಿದ್ದರು. ಇಲ್ಲಿ ಸಂಜೆಯಾದರೆ ನರಿ ಕೂಗುತ್ತಿತ್ತು, ಅಷ್ಟೆ. ಒಂದು ದಿನ ನಾನು ಕಾಲೇಜಿನಿಂದ ಬಂದಾಗ ಅವಳು ಹಾಲಿನ ಮುನಿಯಪ್ಪನ ಹಸುವಿನ ಹತ್ತಿರ ನಿಂತು ಹುಳಿಗೆ ಯಾವ ತರಕಾರಿ ಹಾಕಿದೆ ಎಂದು ಹೇಳುತ್ತಿದ್ದಳು. ಮುನಿಯಪ್ಪ ಚೊಂಬು ತೊಳೆಯಲು ಹೋಗಿದ್ದ. ಕೇಳುಗ ಹಸು ಒಂದೇ.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ನಿರ್ಧಾರವಾಗಿ ಹೇಳಿದಳು: "ನೋಡಿ, ಬರೋ ಗಣೇಶನ ಹಬ್ಬದವರೆಗೆ ಇರ್ತೀನಿ. ಅಷ್ಟರಲ್ಲಿ ನಾಲ್ಕು ಜನ ಮಾತಾಡೋರು ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಈ ಮನೆ ಬಾಡಿಗೆಗೆ ಕೊಟ್ಟು ವಠಾರಕ್ಕೇ ವಾಪಸ್ಸು. ನಿಮ್ಮ ಅಂಗಳ ನೀವು ಆಗಾಗ ಬಂದು ನೋಡ್ಕೊಂಡು ಹೋಗಿ."

ಶಾರದೆ ಸುಮ್ಮಸುಮ್ಮನೆ ಹೆದರಿಸುವವಳಲ್ಲ. ಆದರೆ ನಾನು ಮಾಡಿದ್ದೇನು? ನೆರೆಯವರನ್ನು ಹುಡುಕುವುದು ಬಿಟ್ಟು ಲಾನು ಬೆಳೆಸಿದೆ. ಮನೆಯ ಮುಂದೆ ಚೆಂದದ ಹಸಿರು ಹಾಸಿದ್ದರೆ ಅವಳ ಮನಸ್ಸು ತಾನಾಗಿ ನಿಲ್ಲುತ್ತದೆ ಎಂದು ನನ್ನ ತರ್ಕ. ಗಂಡಸರಿಗೆ ಇಂಥ ತರ್ಕಗಳು ಸಲೀಸಾಗಿ ಹೊಳೆಯುತ್ತವೆ.

ಹುಲ್ಲು ಬೆಳೆಸುವುದರಲ್ಲಿ ಕಷ್ಟವೇನೂ ಇರಲಿಲ್ಲ. ನಮ್ಮ ಮಣ್ಣಿನಲ್ಲಿ ಲಾನಿಗೆ ಹಾಕುವುದೆಂದರೆ ಗರಿಕೆಯನ್ನೇ. ನಾಲ್ಕು ಬೇರು ಊರಿ ನೀರು ಬಿಟ್ಟರೆ ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ. ಯೋಚಿಸಿದರೆ ಸೋಜಿಗ. ನಮ್ಮ ಹಿರಿಯರು ಲೆಕ್ಕಕ್ಕೆ ಬಾರದ್ದನ್ನೆಲ್ಲ ತೃಣ ಎಂದು ತಳ್ಳಿದರು, ಯುದ್ಧದಲ್ಲಿ ಸೋತವನ ಬಾಯಿಗೆ ಹುಲ್ಲು ಕಚ್ಚಿಸಿದರು. ಅದೇ ಹಿರಿಯರು ಶ್ರಾದ್ಧಕ್ಕೆ ದರ್ಭೆ, ಗಣಪತಿಗೆ ಗರಿಕೆ ಇಲ್ಲದೆ ಒಂದು ಹೆಜ್ಜೆ ಮುಂದಿಡಲಿಲ್ಲ. ಇಂಗ್ಲಿಷರದ್ದು ಬೇರೆಯೇ ದಾರಿ. ಅವರು ಹುಲ್ಲನ್ನು ಹಸುವಿಗೂ ಹಾಕಲಿಲ್ಲ, ದೇವರಿಗೂ ಏರಿಸಲಿಲ್ಲ. ಬೆಳೆಸಿದರು, ಬೆಳೆಯಿತಲ್ಲ ಎಂದು ಕತ್ತರಿಸಿದರು, ಕತ್ತರಿಸಿದ್ದಕ್ಕೆ ಮತ್ತೆ ನೀರು ಬಿಟ್ಟರು. ಅವರು ಹಡಗು ಹತ್ತಿ ಹೋಗುವಾಗ ಆ ಕಾಯಿಲೆಯನ್ನು ನನ್ನಂಥವರಿಗೆ ಅಂಟಿಸಿ ಹೋದರು.

ಹೀಗೆ ಶುರುವಾಯಿತು ಮೆಷೀನಿನ ಬೇಟೆ. ಕಂಟೋನ್ಮೆಂಟಿನ ಹರಾಜಿನಲ್ಲಿ ಯಾರೋ ದೊರೆ ಬಿಟ್ಟುಹೋಗಿದ್ದ ಒಂದು ಕಬ್ಬಿಣದ ರಾಕ್ಷಸನನ್ನು ಕಂಡೆ. ಲಾಲ್‌ಬಾಗಿನಲ್ಲಿ ಎತ್ತು ಕಟ್ಟಿ ಎಳೆಸುತ್ತಿದ್ದರಲ್ಲ, ಆ ಜಾತಿಯದು. ನೂಕಿ ನೋಡಿದೆ, ಅದು ಅಲ್ಲಾಡಲಿಲ್ಲ, ನನ್ನ ಸೊಂಟ ಅಲ್ಲಾಡಿತು. ಆಮೇಲೆ ಸಹೋದ್ಯೋಗಿಯೊಬ್ಬರು ಪೆಟ್ರೋಲಿನದೊಂದನ್ನು ತೋರಿಸಲು ಕರೆದುಕೊಂಡು ಹೋದರು. ಅದು ನಿಂತಲ್ಲೇ ಹಳೆಯ ಬಸ್ಸಿನಂತೆ ನಡುಗಿ, ಹೊಗೆ ಕಾರಿ, ಒಂದು ಗುಲಾಬಿ ಗಿಡವನ್ನು ನುಂಗಿತು. ಮುನಿಯಪ್ಪನಂತೂ, "ನನ್ ಹಸೂನೇ ಒಂದ್ ಗಂಟೆ ಬಿಡ್ತೀನಿ ಬುಡಿ ಸಾಮಿ, ಮೆಷೀನು ಯಾಕೆ? ಹಾಲೂ ಆಯ್ತದೆ, ಲಾನೂ ಆಯ್ತದೆ" ಎಂದ. ಬಿಟ್ಟು ನೋಡಿದೆವು. ಹಸು ಲಾನು ಬಿಟ್ಟು ಶಾರದೆಯ ಮಲ್ಲಿಗೆ ಬಳ್ಳಿಯನ್ನು ತಿಂದಿತು.

ನಾನು ಸಂಜೆಯೆಲ್ಲ ಕ್ಯಾಟಲಾಗಿನಲ್ಲಿ ತಲೆ ಹುದುಗಿಸಿ ಕೂತಿರುತ್ತಿದ್ದೆ. ಒಂದು ದಿನ ಶಾರದೆ ಕಾಫಿ ತಂದಿಟ್ಟು, "ಇವತ್ತು ಸಂಕಷ್ಟಿ. ಹಿಂದಿನ ರಸ್ತೆ ಕಮಲಮ್ಮ ಅಂತ, ಗರಿಕೆ ಕೇಳ್ಕೊಂಡು ಬಂದಿದ್ರು. ಖಾಲಿ ಸೈಟಲ್ಲಿ ಎಮ್ಮೆ ಮೇಯುತ್ತೆ, ಅದನ್ನ ದೇವರಿಗೆ ಹೇಗೆ ಇಡೋದು ಅಂದ್ರು" ಎಂದಳು. ನಾನು "ಹೂಂ" ಎಂದೆ. ಮುಂದಿನ ತಿಂಗಳು, "ಕಮಲಮ್ಮ ಇನ್ನಿಬ್ಬರನ್ನ ಕರ್ಕೊಂಡು ಬಂದಿದ್ರು, ಅರ್ಧ ಗಂಟೆ ಕೂತಿದ್ರು" ಎಂದಳು. "ಹೂಂ. ಹನ್ನೆರಡು ಇಂಚಿನ ಬ್ಲೇಡು ಸಾಕೇನೋ" ಎಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಕೊನೆಗೆ ಕೈಯಿಂದ ನೂಕುವ ಚಿಕ್ಕ ಮೆಷೀನನ್ನೇ ಆರಿಸಿದೆ. ಎರಡು ಚಕ್ರ, ನಡುವೆ ತಿರುಗುವ ಬ್ಲೇಡು, ಹಿಂದೆ ಹುಲ್ಲು ಬೀಳಲು ಒಂದು ಕ್ಯಾನ್ವಾಸು ಚೀಲ. ಗೌರಿ ಹಬ್ಬದ ಹಿಂದಿನ ದಿನ ಜಟಕಾದಲ್ಲಿ ಮನೆಗೆ ತಂದೆ. ಮೆಷೀನು ಇಳಿಸುವಷ್ಟರಲ್ಲಿ ಜಟಕಾದ ಕುದುರೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಲಾನಿನ ಒಂದು ಅಂಚನ್ನು ತನ್ನ ರೀತಿಯಲ್ಲಿ ಸಮ ಮಾಡಿತ್ತು. ಶಾರದೆ ಗಾಂಧಿ ಬಜಾರಿಗೆ ಹೋಗಿದ್ದಳು. ಒಳ್ಳೆಯದೇ ಆಯಿತು, ಬರುವಷ್ಟರಲ್ಲಿ ಮುಗಿಸಿ ಅವಳನ್ನು ಬೆರಗುಗೊಳಿಸೋಣ ಎಂದು ಪಂಚೆ ಎತ್ತಿ ಕಟ್ಟಿದೆ. ಆಹಾ, ಆ ಕಿರ್‌ಕಿರ್ ಸದ್ದು, ಆ ಹಸಿ ಹುಲ್ಲಿನ ವಾಸನೆ! ಒಂದು ಸಾಲು ಮುಗಿಸಿ ಹಿಂದಿರುಗಿ ನೋಡುವುದು, ಇನ್ನೊಂದು ಸಾಲು. ಚೀಲ ತುಂಬಿದ ಹುಲ್ಲನ್ನೆಲ್ಲ ಮುನಿಯಪ್ಪನ ಹಸುವಿಗೆ ಉದಾರವಾಗಿ ಕೊಟ್ಟುಬಿಟ್ಟೆ.

ಶಾರದೆ ಬಾಳೆ ಕಂದು, ಹೂವು ಹಿಡಿದು ಗೇಟು ತೆಗೆದವಳು ಅಲ್ಲೇ ನಿಂತಳು.

"ಅಯ್ಯೋ, ಏನ್ರೀ ಮಾಡಿಬಿಟ್ರಿ!"

"ಹೇಗಿದೆ?" ಎಂದೆ ನಾನು, ಇನ್ನೂ ಹೆಮ್ಮೆಯಿಂದ.

"ನಾಡಿದ್ದು ಬೆಳಿಗ್ಗೆ ಅವರೆಲ್ಲ ಗರಿಕೆಗೆ ಬರ್ತಾರೆ ರೀ. ನಾನೇ ಕರ್ದಿದ್ದೆ. ಈ ಮನೆಗೆ ಬಂದ್ಮೇಲೆ ಮೊದಲ್ನೇ ಸಲ ನಾನಾಗಿ ನಾಲ್ಕು ಜನರನ್ನ ಕರ್ದಿದ್ದೆ." ಅವಳ ಕಣ್ಣಲ್ಲಿ ನೀರು ಬಂತು. ಗಣಪತಿಗೆ ಏರಿಸುವುದು ಗರಿಕೆಯ ಎಳೆಯ ಕುಡಿಯನ್ನು. ನನ್ನ ಮೆಷೀನು ಆರಿಸಿ ಆರಿಸಿ ಕತ್ತರಿಸಿದ್ದೂ ಅದನ್ನೇ. ಆ ಕ್ಷಣ ನನಗೆ ಲಾನೂ ಬೇಡ, ಲಾನು ಕಂಡುಹಿಡಿದ ದೇಶವೂ ಬೇಡ ಅನ್ನಿಸಿತು. ವಠಾರದ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತಿರುವ ನನ್ನ ಚಿತ್ರ ಕಣ್ಣ ಮುಂದೆ ಬಂತು.

ಗಣೇಶನ ಹಬ್ಬದ ಬೆಳಿಗ್ಗೆ ನಾನು ವರಾಂಡದಲ್ಲಿ ಪೇಪರಿನ ಹಿಂದೆ ಅಡಗಿ ಕೂತೆ. ಕಮಲಮ್ಮ ಹಿತ್ತಾಳೆ ತಟ್ಟೆ ಹಿಡಿದು ಬಂದರು, ಅವರ ಹಿಂದೆ ನಾಲ್ಕಲ್ಲ, ಏಳೆಂಟು ಹೆಂಗಸರು. ಅಂಗಳ ನೋಡಿ ಎಲ್ಲರೂ ಗೇಟಿನ ಹತ್ತಿರವೇ ನಿಂತರು. ಪೇಪರಿನ ಒಂದು ಅಕ್ಷರವೂ ನನಗೆ ಕಾಣಲಿಲ್ಲ.

"ಏನ್ ಶಾರದಮ್ಮ," ಎಂದರು ಕಮಲಮ್ಮ ಕೊನೆಗೆ, "ಹಬ್ಬ ಅಂತ ಲಾನಿಗೂ ಕ್ಷೌರ ಮಾಡ್ಸಿದ್ರಾ?"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಶಾರದೆಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಒಬ್ಬಾಕೆ, "ರೀ, ಇಲ್ಲಿ ಬನ್ನಿ, ಗೋಡೆ ಬುಡದಲ್ಲಿದೆ!" ಎಂದು ಕೂಗಿದಳು. ಹೌದು! ಮೆಷೀನಿನ ಚಕ್ರ ಗೋಡೆಗೆ ತಾಗುತ್ತಿದ್ದುದರಿಂದ ಬ್ಲೇಡು ಅಲ್ಲಿಗೆ ಎಟುಕಿರಲಿಲ್ಲ. ಕಾಂಪೌಂಡಿನ ಉದ್ದಕ್ಕೂ, ನಲ್ಲಿಯ ಸುತ್ತ, ಗೇಟಿನ ಕಂಬದ ಹಿಂದೆ ಗರಿಕೆ ಸೊಂಪಾಗಿ ಉಳಿದಿತ್ತು.

ಮೊದಲಾಗಿದ್ದರೆ ಅಂಗಳದ ನಡುವೆ ಬಗ್ಗಿ ಒಂದು ಹಿಡಿ ಕಿತ್ತು ಹೋಗಿಬಿಡುತ್ತಿದ್ದರೇನೋ. ಈಗ ಗೋಡೆಗುಂಟ ಸಾಲಾಗಿ ಕೂತು, ಒಂದೊಂದೇ ಕುಡಿ ಹುಡುಕಿ ಬಿಡಿಸಬೇಕಾಯಿತು. ಕೈ ನಿಧಾನವಾದಷ್ಟೂ ಬಾಯಿ ಚುರುಕಾಯಿತು. ನಲ್ಲಿ ನೀರು, ಕೆಲಸದವಳು ಚಕ್ಕರ್ ಹಾಕಿದ್ದು, ಕಡುಬಿನ ಹೂರಣಕ್ಕೆ ಏಲಕ್ಕಿ ಎಷ್ಟು, ಯಾರ ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ, ಒಂದೂ ಬಿಡಲಿಲ್ಲ. ಶಾರದೆ ಎರಡು ಸಲ ಕಾಫಿ ಕೊಟ್ಟಳು. ಕೊನೆಗೆ ಮಡಿ ಉಟ್ಟ ಗಂಡಂದಿರು ಒಬ್ಬೊಬ್ಬರಾಗಿ ಗೇಟಿನ ಹತ್ತಿರ ಬಂದು, "ಲೇ, ಪೂಜೆಗೆ ಹೊತ್ತಾಯ್ತು ಕಣೇ" ಎಂದು ದೀನರಾಗಿ ಕರೆಯತೊಡಗಿದರು.

ಸಂಜೆ ನಾನು ಮೆಲ್ಲಗೆ ಕೇಳಿದೆ: "ಗಣೇಶನ ಹಬ್ಬ ಆಯ್ತಲ್ಲ. ವಠಾರದ ಮನೆ ಖಾಲಿ ಇದೆಯೇನೋ ವಿಚಾರಿಸ್ಲಾ?"

"ಸುಮ್ನಿರಿ," ಎಂದಳು ಶಾರದೆ. "ಅಲ್ಲಿಗೆ ಹೋದ್ರೆ ಇಷ್ಟು ಜನರನ್ನ ಎಲ್ಲಿ ಕೂರಿಸ್ಲಿ?"

ಇಷ್ಟನ್ನೂ ಆ ಯುವಕನಿಗೆ ಹೇಳಿ ನನ್ನ ಉತ್ತರ ಕೊಟ್ಟೆ: "ಬ್ಲೇಡು, ಇಂಚು, ಕಂಪನಿ ಯಾವುದನ್ನೂ ಕೇಳಬೇಡಪ್ಪ. ಗೋಡೆಯವರೆಗೂ ಹೋಗತ್ತಾ ಅಂತ ಮಾತ್ರ ಕೇಳು. ಹೋಗತ್ತೆ ಸಾರ್ ಅಂದ್ರೆ, ಕೈಮುಗಿದು ಬೇರೆ ಅಂಗಡಿಗೆ ಹೋಗು."

ಅವನು ನಕ್ಕು, ತಲೆಯಾಡಿಸಿ ಹೋದ. ಈ ಕಾಲದ ಹುಡುಗರು ಹಿರಿಯರ ಮಾತನ್ನು ಎಷ್ಟು ಕೇಳುತ್ತಾರೋ ಅಷ್ಟೇ ಕೇಳಿದ ಎಂದು ಕಾಣುತ್ತದೆ. ಮೊನ್ನೆ ಸಂಕಷ್ಟಿಯ ಸಂಜೆ ಹೊಸಬಳೊಬ್ಬಳು ತಟ್ಟೆ ಹಿಡಿದು ನಮ್ಮ ಗೇಟು ತೆಗೆದಳು. ಅವನ ಹೆಂಡತಿ. ಶಾರದೆ ಗೋಡೆಯ ಬುಡದಲ್ಲಿ ಸರಿದು ಜಾಗ ಮಾಡಿಕೊಟ್ಟಳು. ಅವರ ಮೆಷೀನು ಬಹಳ ಚೆನ್ನಾಗಿದೆಯಂತೆ, ಗೋಡೆಯವರೆಗೂ ಹೋಗುತ್ತದಂತೆ.